ಸೂಚಿಯಲ್ಲಿ ಸಿಗದ ಮುತ್ತಜ್ಜ

ವಂಶದ ಹುಡುಕಾಟಕ್ಕೆ ಕೂತವರು ಮೊದಲು ಮಾಡುವ ಕೆಲಸವೆಂದರೆ ಜಾಲತಾಣ ತೆರೆದು ಮುತ್ತಜ್ಜನ ಹೆಸರು ಟೈಪ್ ಮಾಡುವುದು. ನಾನು ಅದನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತೇನೆ. ಹೆಸರು ಹಾಕಿದಾಗ ಯಂತ್ರ ತಡಕಾಡುವುದು ದಾಖಲೆಯನ್ನಲ್ಲ, ದಾಖಲೆಯನ್ನು ಓದಿ ಯಾರೋ ತಯಾರಿಸಿದ ಸೂಚಿಯನ್ನು. ಓದಿದವರು ತಪ್ಪಾಗಿ ಓದಿದ್ದರೂ, ಆ ಪುಸ್ತಕವನ್ನು ಇನ್ನೂ ಯಾರೂ ಓದಿಯೇ ಇರದಿದ್ದರೂ ಬರುವ ಉತ್ತರ ಒಂದೇ: ಏನೂ ಸಿಗಲಿಲ್ಲ. ಪುಸ್ತಕದ ಪುಟ ಮಾತ್ರ ಅದೇ ತಾಣದಲ್ಲಿ, ಎರಡು ಕ್ಲಿಕ್ ಆಚೆ ಇರಬಹುದು.

ಹೆಸರಿಗಿಂತ ಮೊದಲು ಊರು ಬೇಕು. ಘಟನೆ ಯಾವುದು, ಎಲ್ಲಿ ನಡೆಯಿತು, ಯಾವ ವರ್ಷಗಳ ನಡುವೆ ಎಂದು ಬರೆದುಕೊಂಡು ಆಮೇಲೆ ಹುಡುಕುತ್ತೇನೆ. 'ಮುತ್ತಜ್ಜನ ಬಗ್ಗೆ ಎಲ್ಲ' ಎಂದರೆ ಅದು ಪ್ರಶ್ನೆಯೇ ಅಲ್ಲ. 'ಇಂಥ ಊರಿನಲ್ಲಿ, 1880ರಿಂದ 1890ರೊಳಗೆ ನಡೆದ ಮದುವೆ' ಎಂದರೆ ಅದಕ್ಕೆ ಉತ್ತರ ಹುಡುಕಬಹುದು. ಊರಿಗೂ ಹಲವು ಹೆಸರುಗಳಿರುತ್ತವೆ. ಇಂದಿನ ಉಕ್ರೇನಿನ ಲ್ವಿವ್ ನಗರ ಹಳೆಯ ಕಾಗದಗಳಲ್ಲಿ ಲೆಂಬರ್ಗ್, ಲ್ವುಫ್, ಲ್ವೋವ್ ಎಂದೂ ಬರುತ್ತದೆ. ಆಯಾ ಕಾಲಕ್ಕೆ ಯಾರ ಆಳ್ವಿಕೆಯೋ ಆ ಭಾಷೆಯ ಹೆಸರು. ದಾಖಲೆ ಇರುವುದೂ ಅಂದಿನ ಆಡಳಿತದ ಕಡತಗಳಲ್ಲೇ. ಜರ್ಮನ್ ಸಾಮ್ರಾಜ್ಯದ ಊರುಗಳಿಗೆ ಮೈಯರ್ಸ್ ಗೆಜೆಟಿಯರ್ ಆನ್‌ಲೈನಿನಲ್ಲೇ ಇದೆ. ಹಳ್ಳಿಯ ಹೆಸರು ಹಾಕಿದರೆ ಅದು ಯಾವ ಜಿಲ್ಲೆಗೆ, ಯಾವ ನೋಂದಣಿ ಕಚೇರಿಗೆ ಸೇರಿತ್ತು ಎಂದು ತೋರಿಸುತ್ತದೆ.

ನಾನು ಹೆಚ್ಚಾಗಿ ಬಳಸುವುದು ಫ್ಯಾಮಿಲಿಸರ್ಚ್ ಎಂಬ ವಂಶದಾಖಲೆಗಳ ತಾಣವನ್ನು. ಉಚಿತ, ಖಾತೆ ತೆರೆದರೆ ಸಾಕು. ಹಳೆಯ ಪುಸ್ತಕಗಳ ಪುಟಗಳನ್ನು ಸಣ್ಣದಾಗಿ ಫೋಟೊ ತೆಗೆದಿಟ್ಟ ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಅವರು 2021ರಲ್ಲಿ ಮುಗಿಸಿದರು. ಅದರಲ್ಲಿ ಎಷ್ಟೋ ಭಾಗಕ್ಕೆ ಹೆಸರಿನ ಸೂಚಿಯೇ ಇಲ್ಲ. ಅಂಥವಕ್ಕೆ ದಾರಿ ಕ್ಯಾಟಲಾಗ್. ಅಲ್ಲಿ ಊರಿನ ಹೆಸರು ಹಾಕಿ. ಊರಿನಡಿ ಸಿಗದಿದ್ದರೆ ಜಿಲ್ಲೆಯ ಹೆಸರು, ಅದೂ ಆಗದಿದ್ದರೆ ಪ್ರಾಂತದ ಹೆಸರು. ಜನನ, ಮದುವೆ, ಭೂಮಿ, ಉಯಿಲು ಎಂದು ಪಟ್ಟಿ ತೆರೆದುಕೊಳ್ಳುತ್ತದೆ. ಪ್ರತಿ ಸುರುಳಿಯ ಮುಂದೆ ಕ್ಯಾಮೆರಾ ಗುರುತು ಇದ್ದರೆ ಚಿತ್ರಗಳು ಮನೆಯಲ್ಲೇ ತೆರೆಯುತ್ತವೆ. ಕ್ಯಾಮೆರಾದ ಮೇಲೆ ಬೀಗದ ಕೈಯ ಚಿತ್ರವಿದ್ದರೆ ಏನೋ ನಿರ್ಬಂಧವಿದೆ ಎಂದರ್ಥ. ಹಲವು ಸಲ ಅವರ ಕೇಂದ್ರಕ್ಕೋ ಸಹಯೋಗಿ ಗ್ರಂಥಾಲಯಕ್ಕೋ ಹೋಗಿಯೇ ನೋಡಬೇಕಾಗುತ್ತದೆ.

ಒಂದು ಸುರುಳಿಯಲ್ಲಿ 900 ಚಿತ್ರಗಳಿವೆ ಎನ್ನಿ. ಮೊದಲಿನಿಂದ ಒಂದೊಂದೇ ಮಗುಚುತ್ತಾ ಹೋದರೆ ಸಂಜೆಯಾಗುತ್ತದೆ. ಮೊದಲು ಆರಂಭದ 20 ಮತ್ತು ಕೊನೆಯ 20 ಚಿತ್ರಗಳನ್ನು ನೋಡಿ. ಪುಸ್ತಕ ಬರೆದ ಗುಮಾಸ್ತನೇ ಅಕ್ಷರಾನುಕ್ರಮದ ಸೂಚಿ ಇಟ್ಟಿರುವುದುಂಟು. ಅದಿಲ್ಲದಿದ್ದರೆ 450ಕ್ಕೆ ಹಾರಿ ವರ್ಷ ಓದಿ. ಬೇಕಾದ ವರ್ಷ ಹಿಂದಿದ್ದರೆ 225ಕ್ಕೆ, ಮುಂದಿದ್ದರೆ 675ಕ್ಕೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಹತ್ತು ಜಿಗಿತದೊಳಗೆ ಆ ವರ್ಷದ ಪುಟ ಕೈಗೆ ಸಿಗುತ್ತದೆ. ಈ ಲೆಕ್ಕ ಕೆಡುವುದು ಒಂದೇ ಕಡೆ: ಒಂದೇ ಸುರುಳಿಯಲ್ಲಿ ನಾಲ್ಕೈದು ಪುಸ್ತಕಗಳಿದ್ದಾಗ. 1862 ಆದಮೇಲೆ ಇದ್ದಕ್ಕಿದ್ದಂತೆ 1840 ಬಂತೆಂದರೆ ಹೊಸ ಪುಸ್ತಕ ಶುರುವಾಗಿದೆ, ಅಥವಾ ಜ್ಞಾನಸ್ನಾನ ಮುಗಿದು ಮದುವೆಯ ಭಾಗ ಬಂದಿದೆ. ಆ ಗಡಿಯ ಚಿತ್ರಸಂಖ್ಯೆಗಳನ್ನು ಗುರುತು ಹಾಕಿಕೊಂಡು, ಒಂದೊಂದು ಭಾಗದೊಳಗೆ ಪ್ರತ್ಯೇಕವಾಗಿ ಜಿಗಿಯಬೇಕು.

ಕೈಬರಹವನ್ನು ಯಂತ್ರವೇ ಓದುವ ಪೂರ್ಣಪಠ್ಯ ಹುಡುಕಾಟವೂ ಫ್ಯಾಮಿಲಿಸರ್ಚ್‌ನಲ್ಲಿ 2024ರಿಂದ ಬಂದಿದೆ. ಎಲ್ಲ ಪುಸ್ತಕಗಳಿಗೂ ಅದು ತಲುಪಿಲ್ಲ. ತಲುಪಿದ ಕಡೆ ಅದರ ನಿಜವಾದ ಲಾಭ, ಸಾಕ್ಷಿ ಹಾಕಿದವರ ಹಾಗೂ ಪಕ್ಕದ ಜಮೀನಿನವರ ಹೆಸರುಗಳೂ ಸಿಗುವುದು. ಹಳೆಯ ಸೂಚಿಗಳು ಸಾಮಾನ್ಯವಾಗಿ ಅವರನ್ನು ಬಿಟ್ಟುಬಿಡುತ್ತವೆ, ಆದರೆ ಬೀಗರೂ ದಾಯಾದಿಗಳೂ ಅಡಗಿರುವುದು ಅಲ್ಲೇ.

ಹೆಸರಿನಲ್ಲೇ ಹುಡುಕಲೇಬೇಕಾದಾಗ ಖಾನೆಗಳನ್ನು ತುಂಬುವುದಕ್ಕಿಂತ ಖಾಲಿ ಬಿಡುವುದು ಫಲ ಕೊಡುತ್ತದೆ. ಹೆಸರು, ಅಡ್ಡಹೆಸರು, ಹುಟ್ಟಿದ ವರ್ಷ, ಊರು ಎಲ್ಲ ತುಂಬಿ ನಿಖರ ಹೊಂದಾಣಿಕೆ ಕೇಳಿದರೆ ಒಂದು ಅಕ್ಷರ ತಪ್ಪಿದರೂ ದಾಖಲೆ ಹೊರಗುಳಿಯುತ್ತದೆ. ನಾನು ಅಡ್ಡಹೆಸರನ್ನು ತೆಗೆದು, ಹೆಸರು ಮತ್ತು ಊರನ್ನಷ್ಟೇ ಇಟ್ಟು, ವರ್ಷಕ್ಕೆ ಹಿಂದೆ ಮುಂದೆ ಐದು ವರ್ಷ ಬಿಡುತ್ತೇನೆ. ಒಡಹುಟ್ಟಿದವರನ್ನೆಲ್ಲ ಒಟ್ಟಿಗೆ ಹಿಡಿಯಬೇಕಾದರೆ ಮಗುವಿನ ಹೆಸರು ಖಾಲಿ ಬಿಟ್ಟು ತಂದೆತಾಯಿಯ ಹೆಸರು ಮಾತ್ರ. ಅಕ್ಷರ ಅನುಮಾನವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಂದು ಅಕ್ಷರಕ್ಕೆ, ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಕ್ಕಾದರೂ ಸರಿ. ಕೆಲವು ತಾಣಗಳಲ್ಲಿರುವ ಸೌಂಡೆಕ್ಸ್ ಎಂಬ ಆಯ್ಕೆ ಉಚ್ಚಾರಣೆ ಹೋಲುವ ಹೆಸರುಗಳನ್ನು ತರುತ್ತದೆ ನಿಜ, ಆದರೆ ಅದು ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು ಉಳಿದುದನ್ನು ಮೂರು ಅಂಕಿಗೆ ಇಳಿಸುತ್ತದೆ. ಇಂಗ್ಲಿಷಿನ 'ಸಿ' ಅಕ್ಷರದಿಂದ ಬರೆದ ಹೆಸರು 'ಕೆ'ಯಿಂದ ಬರೆದದ್ದರ ಜೊತೆ ಎಂದೂ ಕೂಡುವುದಿಲ್ಲ. ಹಳೆಯ ಕೈಬರಹದಲ್ಲಿ ದೊಡ್ಡ 'ಎಲ್' ಮತ್ತು 'ಎಸ್', 'ಟಿ' ಮತ್ತು 'ಎಫ್', ಸಣ್ಣ 'ಯು' ಮತ್ತು 'ಎನ್' ಒಂದಕ್ಕೊಂದು ವೇಷ ಹಾಕುತ್ತವೆ. ಹಾಗೆ ತಪ್ಪಾಗಿ ಓದಬಹುದಾದ ರೂಪಗಳನ್ನು ನಾನೇ ಬರೆದುಕೊಂಡು ಒಂದೊಂದಾಗಿ ಹುಡುಕುತ್ತೇನೆ.

ಸೂಚಿಯಲ್ಲಿ ಸಿಕ್ಕಿದರೂ ಚಿತ್ರ ತೆರೆಯದೆ ಬಿಡಬೇಡಿ. 1907ರ ನಂತರದ ಅಮೆರಿಕದ ಹಡಗುಪಟ್ಟಿಗಳು ಎದುರುಬದುರಿನ ಎರಡು ಪುಟಗಳಲ್ಲಿ ಹರಡಿರುತ್ತವೆ. ಬಿಟ್ಟುಬಂದ ದೇಶದಲ್ಲಿರುವ ಹತ್ತಿರದ ನೆಂಟರ ಹೆಸರು, ವಿಳಾಸ, ಯಾರ ಮನೆಗೆ ಹೋಗುತ್ತಿದ್ದಾರೆ ಎಂಬುದು ಎಲ್ಲವೂ ಆ ಎರಡು ಪುಟಗಳಲ್ಲಿ ಹಂಚಿಹೋಗಿರುತ್ತದೆ. ಸೂಚಿಯ ಕೊಂಡಿ ತೆರೆಯುವುದು ಒಂದನ್ನೇ. ಅಂದಹಾಗೆ, ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ವಲಸಿಗರ ಹೆಸರು ಬದಲಿಸಿದರು ಎನ್ನುವುದು ಬರೀ ಕಥೆ. ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಟ ಬಂದರಿನ ಕಡೆಯಲ್ಲಿ. ದ್ವೀಪದಲ್ಲಿ ಅದನ್ನಿಟ್ಟುಕೊಂಡು ವಿಚಾರಿಸುತ್ತಿದ್ದರು ಅಷ್ಟೆ. ಆದ್ದರಿಂದ ಹಡಗುಪಟ್ಟಿಯಲ್ಲಿ ತಾಯ್ನಾಡಿನ ರೂಪದ ಹೆಸರನ್ನೇ ಹುಡುಕಬೇಕು.

ವಯಸ್ಸು, ತಾರೀಕುಗಳೂ ಕೈಕೊಡುತ್ತವೆ. ಬ್ರಿಟನ್ನಿನ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. 35 ಎಂದಿದ್ದರೆ 35ರಿಂದ 39ರವರೆಗೆ ಎಷ್ಟಾದರೂ ಇರಬಹುದು. ಯಜಮಾನನಿಗೆ ಏನಾಗಬೇಕು ಎಂಬ ಕಲಮು ಬಂದದ್ದು 1851ರಲ್ಲಿ, ಹಾಗಾಗಿ 1841ರಲ್ಲಿ ಒಂದೇ ಮನೆಯಲ್ಲಿರುವವರು ಮಕ್ಕಳೇ ಎಂದು ತೀರ್ಮಾನಿಸಲಾಗದು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1720ರ ನವೆಂಬರಿನಲ್ಲಿ ಮದುವೆ, 1720ರ ಫೆಬ್ರುವರಿಯಲ್ಲಿ ಮರಣ ಎಂದಿದ್ದರೆ ತಪ್ಪೇನಿಲ್ಲ. ಆ ಫೆಬ್ರುವರಿ ನಮ್ಮ ಲೆಕ್ಕದ 1721. ಇಂಥದ್ದನ್ನು 1720/21 ಎಂದೇ ಬರೆದಿಡಿ.

ಕೆಲವು ದಾಖಲೆಗಳು ಇಲ್ಲವೇ ಇಲ್ಲ ಎಂದು ಮೊದಲೇ ತಿಳಿದಿದ್ದರೆ ವಾರಗಳು ಉಳಿಯುತ್ತವೆ. ಅಮೆರಿಕದ 1890ರ ಜನಗಣತಿ 1921ರ ಬೆಂಕಿಯಿಂದಾಗಿ ಬಹುಪಾಲು ಹಾಳಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರದು 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಅಂತರ ತುಂಬಲು, ಯುದ್ಧ ಶುರುವಾದಾಗ ಜನರ ಹೆಸರು ಬರೆದುಕೊಂಡ 1939ರ ರಿಜಿಸ್ಟರ್ ಇದೆ. ಅಮೆರಿಕದಲ್ಲಿ ಗಣತಿಯ ಹೆಸರುಗಳು 72 ವರ್ಷ ಕಳೆದ ಮೇಲೆ ತೆರೆಯುತ್ತವೆ. 1950ರದು 2022ರ ಏಪ್ರಿಲ್‌ನಲ್ಲಿ ಬಂತು.

ಹಳೆಯ ಪತ್ರಿಕೆಗಳಿಗೆ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ ಮೂರೂ ಉಚಿತ. ಮಸಿ ಹರಡಿದ ಅಚ್ಚನ್ನು ಯಂತ್ರ ಓದುವುದರಿಂದ ಹೆಸರು ಕೆಟ್ಟಿರುತ್ತದೆ. ಬೀದಿಯ ಹೆಸರನ್ನೋ ಕಸುಬನ್ನೋ ಹಾಕಿ ಹುಡುಕಿ. ಮದುವೆಯಾದ ಹೆಂಗಸರು ಗಂಡನ ಹೆಸರಿನ ಹಿಂದೆಯೇ ಮರೆಯಾಗಿರುತ್ತಾರೆ ಎಂಬುದೂ ನೆನಪಿರಲಿ.

ಇನ್ನೊಬ್ಬರು ಕಟ್ಟಿದ ವಂಶವೃಕ್ಷವನ್ನು ನಾನು ಸುಳಿವಾಗಿ ಮಾತ್ರ ನೋಡುತ್ತೇನೆ. ಹತ್ತು ವೃಕ್ಷಗಳು ಒಂದೇ ತಾರೀಕು ಹೇಳಿದರೆ ಅದು ಹತ್ತು ಸಾಕ್ಷಿಯಲ್ಲ. ಒಂದರಿಂದ ಒಂಬತ್ತು ಮಂದಿ ನಕಲು ಮಾಡಿರಬಹುದು. ತಾಯಿ ಸತ್ತ ಎರಡು ವರ್ಷಕ್ಕೆ ಮಗು ಹುಟ್ಟಿದ್ದರೆ, ಒಂದೇ ಹೆಸರಿನ ಇಬ್ಬರನ್ನು ಬೆರೆಸಿದ್ದಾರೆಂದು ಗೊತ್ತಾಗುತ್ತದೆ. ಡಿಎನ್‌ಎ ಪರೀಕ್ಷೆಯ ಅಂಕಿಯೂ ಹಾಗೆಯೇ. ಅಜ್ಜ, ಸೋದರಮಾವ, ತಂದೆ ಅಥವಾ ತಾಯಿ ಮಾತ್ರ ಒಬ್ಬರೇ ಆಗಿರುವ ಮಲಸಹೋದರ ಮೂವರ ಜೊತೆಗೂ ಸುಮಾರು ಕಾಲುಭಾಗ ಹೊಂದುತ್ತದೆ. ಯಾರು ಯಾರೆಂದು ಹೇಳಲು ಕಾಗದವೇ ಬೇಕು.

ಲೆಕ್ಕ ಇಡಲು ನನಗೆ ಹಿಡಿಸಿದ್ದು ಹಳೆಯ ಸಂಖ್ಯಾಪದ್ಧತಿ: ನಾವು 1, ಯಾರದೇ ತಂದೆಗೆ ಅವರ ಸಂಖ್ಯೆಯ ಎರಡರಷ್ಟು, ತಾಯಿಗೆ ಅದಕ್ಕೆ ಒಂದು ಹೆಚ್ಚು. ತಾಯಿಯ ತಂದೆ 6, ಅವರ ತಾಯಿ 13. ಇಳಿಸಿಕೊಂಡ ಚಿತ್ರಕ್ಕೆ '013_1884_ಮದುವೆ_ಊರು' ಎಂದು ಹೆಸರಿಟ್ಟು, ಸುರುಳಿಸಂಖ್ಯೆ, ಚಿತ್ರಸಂಖ್ಯೆ, ನೋಡಿದ ದಿನವನ್ನು ಸ್ಪ್ರೆಡ್‌ಶೀಟಿಗೆ ಸೇರಿಸುತ್ತೇನೆ. ಸಿಗದಿದ್ದುದನ್ನೂ ಬರೆಯಬೇಕು, ಇಲ್ಲದಿದ್ದರೆ ಆರು ತಿಂಗಳಿಗೆ ಅದೇ ಸುರುಳಿಯನ್ನು ಮತ್ತೆ ತಿರುವುತ್ತೀರಿ.

ವಂಶವೃಕ್ಷದ ತಂತ್ರಾಂಶ ಬದಲಿಸುವಾಗ, ಅಂಥ ತಂತ್ರಾಂಶಗಳು ಪರಸ್ಪರ ಓದಬಲ್ಲ ಜೆಡ್‌ಕಾಮ್ ಎಂಬ ಕಡತವಾಗಿ ಹೊರತೆಗೆಯಿರಿ, ಅಕ್ಷರಸಂಕೇತ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಇರಲಿ. ಹಳೆಯ ಆನ್ಸೆಲ್ ಸಂಕೇತದಲ್ಲಿ ಉಳಿಸಿದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ. 2021ರಲ್ಲಿ ಬಂದ 7.0 ಆವೃತ್ತಿಯಲ್ಲಿ ಚಿತ್ರಗಳನ್ನೂ ಸೇರಿಸಿ ಒಂದೇ ಜಿಪ್ ಮಾಡುವ ಅವಕಾಶವಿದೆ. ಅದಕ್ಕಿಂತ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ಹೋಗುವುದು ಚಿತ್ರದ ವಿಳಾಸ ಮಾತ್ರ, ಆದ್ದರಿಂದ ಚಿತ್ರಗಳ ಫೋಲ್ಡರನ್ನು ಬೇರೆಯಾಗಿ ನಕಲು ಮಾಡಿಟ್ಟುಕೊಳ್ಳಿ.