ಮರೆಯ ಹಿಂದೆ ಮ್ಯಾಗಜಿನ್ ಬದಲಿಸುವುದು: ನಾನು ಪಾಲಿಸುವ ಕ್ರಮ

ಐಡಿಪಿಎ (ಆತ್ಮರಕ್ಷಣೆಯ ಸನ್ನಿವೇಶಗಳನ್ನು ಆಧರಿಸಿದ ಪಿಸ್ತೂಲು ಕ್ರೀಡೆ) ಪಂದ್ಯದಲ್ಲಿ ಗೋಡೆ, ಡ್ರಮ್ಮಿನಂಥ ಮರೆಯ ಹಿಂದೆ ಪಿಸ್ತೂಲು ಖಾಲಿಯಾದರೆ, ಹೊಸ ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ಕೂತು, ಹಿಂದೆ ನಿಂತ ಸ್ಲೈಡ್ (ಪಿಸ್ತೂಲಿನ ಮೇಲಿನ ಸರಿಯುವ ಭಾಗ) ಮುಂದಕ್ಕೆ ಬರುವ ತನಕ ಆ ಮರೆ ಬಿಡುವಂತಿಲ್ಲ. ಬಿಟ್ಟರೆ ಪ್ರೊಸೀಜರಲ್ (ನಿಯಮ ತಪ್ಪಿದ) ದಂಡ, ನಿಮ್ಮ ಸಮಯಕ್ಕೆ 3 ಸೆಕೆಂಡು ಸೇರುತ್ತದೆ. ಓಡುತ್ತಾ ಬದಲಿಸಿ ಅರ್ಧ ಸೆಕೆಂಡು ಉಳಿಸಲು ಹೋದವರು ಕೊನೆಗೆ ಕಟ್ಟುವ ಬೆಲೆ ಇದು.

ಹಿಂದೆಲ್ಲ ದೇಹದ ಕೆಳಭಾಗ ಪೂರ್ತಿ, ಮೇಲ್ಭಾಗ ಅರ್ಧ ಮರೆಯಲ್ಲಿದೆಯೇ ಎಂದು ಸೇಫ್ಟಿ ಆಫೀಸರ್ ಕಣ್ಣಳತೆಯಲ್ಲಿ ತೀರ್ಮಾನಿಸುತ್ತಿದ್ದರು. 2017ರ ನಿಯಮಾವಳಿಯಿಂದ ನೆಲದ ಮೇಲಿನ ಫಾಲ್ಟ್ ಲೈನ್, ಅಂದರೆ ಮರೆಯ ಗಡಿಗೆರೆ, ಬಂತು. ಗೆರೆ ದಾಟಿದ ಕಾಲು ಎಲ್ಲರಿಗೂ ಕಾಣುತ್ತದೆ, ವಾದಕ್ಕೆ ಜಾಗವಿಲ್ಲ. ಹಾಗಾಗಿ ನಾನು ಕೈಗಿಂತ ಮೊದಲು ಕಾಲು ನೋಡಿಕೊಳ್ಳುತ್ತೇನೆ.

ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಅಂಟಿಕೊಂಡರೆ ನಳಿಗೆ ಅಂಚಿನಿಂದ ಆಚೆ ಚಾಚುತ್ತದೆ, ಮೊಣಕೈ ತಗಲುತ್ತದೆ, ಮ್ಯಾಗಜಿನ್ ತಿರುಗಿಸಲು ಜಾಗ ಸಿಗುವುದಿಲ್ಲ. ಚಾಚಿದ ಕೈಯ ತುದಿ ಗೋಡೆಗೆ ತಾಗದಷ್ಟು ಹಿಂದೆ ನಿಲ್ಲುತ್ತೇನೆ. ಸ್ಲೈಡ್ ತೆರೆದು ನಿಂತ ಕೂಡಲೇ ಹೊರಗಿನ ಕಾಲಿನ ಭಾರವನ್ನು ಒಳಗಿನ ಕಾಲಿಗೆ ಬದಲಿಸುತ್ತೇನೆ. ಹೆಜ್ಜೆ ಕಿತ್ತಿಡದೆಯೇ ದೇಹ ಅಂಚಿನಿಂದ ಒಳಗೆ ಬರುತ್ತದೆ.

ಪಿಸ್ತೂಲು ಗದ್ದದ ಮಟ್ಟಕ್ಕೆ, ಮೊಣಕೈ ಪಕ್ಕೆಲುಬಿಗೆ ಒತ್ತಿ, ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ನಳಿಗೆ ಗುರಿಗಳ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆಗೇ. ಆಕಾಶಕ್ಕೆ ಎತ್ತುವ ಚಟ ಇದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ. ಎಡಗೈ ತೋರುಬೆರಳು ಮ್ಯಾಗಜಿನ್ನಿನ ಮುಂಭಾಗದುದ್ದಕ್ಕೂ ಇದ್ದು, ತುದಿ ಮೇಲಿನ ಗುಂಡಿನ ಮೂತಿಗೆ ತಾಗಿರಬೇಕು. ಆ ಬೆರಳೇ ದಾರಿ ತೋರಿಸುತ್ತದೆ. ಕಣ್ಣು ಮಾತ್ರ ಹಿಡಿಕೆಯ ತೂತಿನ ಮೇಲೆ. ಅಂಗೈಯ ಬುಡದಿಂದ ಗಟ್ಟಿಯಾಗಿ ತಳ್ಳುತ್ತೇನೆ. ಅರೆಬರೆ ಕೂತ ಮ್ಯಾಗಜಿನ್ ಮೊದಲ ಹೊಡೆತಕ್ಕೇ ಕೆಳಗೆ ಬೀಳಬಹುದು.

ಇನ್ನೊಂದು ತೊಂದರೆ ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಹೆಬ್ಬೆರಳು ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸಣ್ಣ ಸನ್ನೆ) ಮೇಲೆ ಒರಗಿದ್ದರೆ ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲುವುದಿಲ್ಲ. ಟ್ರಿಗರ್ ಒತ್ತಿದಾಗ ಬರೀ 'ಟಕ್'. ಪಿಸ್ತೂಲಿನ ದೋಷವೆಂದು ಸ್ಪ್ರಿಂಗ್ ಬದಲಿಸುವವರಿದ್ದಾರೆ. ಹಿಡಿತ ಬದಲಿಸಿದರೆ ಸಾಕು.

ಗುಂಡಿನ ಎಣಿಕೆಯನ್ನು ಸ್ಟೇಜ್ (ಪಂದ್ಯದ ಒಂದು ಸುತ್ತು) ಶುರುವಾಗುವ ಮೊದಲೇ ಮುಗಿಸಿರುತ್ತೇನೆ. ಒಂದು ಉದಾಹರಣೆ: ಮ್ಯಾಗಜಿನ್ನಿನಲ್ಲಿ 10, ಚೇಂಬರಿನಲ್ಲಿ (ನಳಿಗೆಯ ಬುಡದ ಗುಂಡಿನ ಗೂಡಿನಲ್ಲಿ) 1. ಮೊದಲ ಗೋಡೆಯಿಂದ 3 ಗುರಿ, ಡ್ರಮ್ಮಿನ ಹಿಂದಿನಿಂದ 3, ಒಂದೊಂದಕ್ಕೆ 2 ಅಂದರೆ 12 ಗುಂಡು. ಖಾಲಿಯಾಗುವುದು ಕಟ್ಟಕಡೆಯ ಗುರಿಯ ಮೇಲೆ, ಇನ್ನೊಂದು ಗುಂಡು ಬಾಕಿ ಇರುವಾಗ. ಡ್ರಮ್ಮಿನ ಹಿಂದೆಯೇ ಬದಲಿಸುವುದೆಂದು ಗೊತ್ತಿರುವುದರಿಂದ ಅಲ್ಲಿ ಜಾಗ ಇಟ್ಟುಕೊಂಡೇ ನಿಲ್ಲುತ್ತೇನೆ. ಮೊದಲ ಗೋಡೆಯ ಬಳಿ ಗುರಿಗೆ ಬಿದ್ದ ತೂತು ಸರಿಯಿಲ್ಲವೆಂದು ಮತ್ತೊಂದು ಹೊಡೆದರೆ ಲೆಕ್ಕ ಒಂದು ಹಿಂದಕ್ಕೆ ಬರುತ್ತದೆ, ಅಷ್ಟೆ. ಆದರೆ ಅನುಕೂಲದ ಜಾಗದಲ್ಲಿ ಖಾಲಿಯಾಗಲೆಂದು ಬೇಡದ ಗುಂಡು ಹಾರಿಸುವುದು ನಿಯಮಬಾಹಿರ, ಅದು ಆಟಕ್ಕೇ ಮಾಡುವ ಅವಮಾನ.

ಗುಂಡು ಉಳಿದಿರುವ ಮ್ಯಾಗಜಿನ್ ಬದಲಿಸುವುದಾದರೆ ಹಳೆಯದನ್ನು ನೆಲಕ್ಕೆ ಬಿಡುವಂತಿಲ್ಲ; ಜೇಬಿಗೋ ಪೌಚಿಗೋ ಸೊಂಟಕ್ಕೋ ಸೇರಬೇಕು. ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಕೈಗೆತ್ತಿಕೊಳ್ಳುವ ಟ್ಯಾಕ್ಟಿಕಲ್ ರೀಲೋಡಿನಲ್ಲಿ ಒಂದೇ ಕೈಯಲ್ಲಿ ಎರಡು ಮ್ಯಾಗಜಿನ್ ಹಿಡಿಯಬೇಕು, ಬೆವರಿದ ಕೈಯಿಂದ ಒಂದು ಜಾರುತ್ತದೆ. ಹಳೆಯದನ್ನು ಮೊದಲು ಜೇಬಿಗೆ ಹಾಕಿ ಹೊಸದನ್ನು ತೆಗೆಯುವ ವಿಧಾನವೇ ನನಗೆ ಒಪ್ಪಿಗೆ. ಅದಕ್ಕಾಗಿ ಎಡ ಜೇಬಿನಲ್ಲಿ ಬೀಗದ ಕೈ, ಫೋನು ಏನೂ ಇರಬಾರದು.

ಭಾರತದಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್ ಆದ್ದರಿಂದ ಈ ಆಟ ಆಡುವ ಕನ್ನಡಿಗರು ನನಗೆ ಸಿಗುವುದು ಹೆಚ್ಚಾಗಿ ಅಮೆರಿಕದಲ್ಲೇ. ಅವರಿಗೆ ಹೇಳುವ ಅಭ್ಯಾಸ ಇದು: ನಿಜವಾದ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಎರಡು ಸಲ ನೋಡಿ, ಡಮ್ಮಿ (ಸಿಡಿಯದ ನಕಲಿ ಗುಂಡು) ತುಂಬಿದ ಮ್ಯಾಗಜಿನ್ ತೆಗೆದುಕೊಳ್ಳಿ. ಬಾಗಿಲ ಚೌಕಟ್ಟೇ ಮರೆ, ನೆಲಕ್ಕೆ ಅಂಟಿಸಿದ ಟೇಪೇ ಫಾಲ್ಟ್ ಲೈನ್. ಪಂದ್ಯದಲ್ಲಿ ಹಾಕುವ ಮೇಲಂಗಿಯನ್ನೇ ಹಾಕಿಕೊಳ್ಳಿ, ಅದರ ಸೆರಗು ಪೌಚಿಗೆ ಸಿಕ್ಕುವುದು ಆಗಲೇ ತಿಳಿಯುತ್ತದೆ. ಎಡ ಅಂಚಿನಿಂದ 10, ಬಲದಿಂದ 10, ಒಂದು ಮಂಡಿಯೂರಿ 10. ಪ್ರತಿ ಸಲವೂ ಮುಗಿದ ಮೇಲೆ ಕಾಲು ಎಲ್ಲಿದೆ ಎಂದು ಬಗ್ಗಿ ನೋಡಿ.