ಹೊಳೆ ಇಳಿದ ಮೇಲೆ ತೆಗೆದ ಮಾದರಿ

ಎರಡು ನದಿಗಳು ಕೂಡುವ ತಗ್ಗಿನಲ್ಲಿ, ಮುಚ್ಚಿ ದಶಕಗಳೇ ಕಳೆದಿದ್ದ ಕಸದ ಗುಂಡಿಯೊಂದರ ಮಾಲಿನ್ಯ ಅಳೆಯುವ ಕೆಲಸ ಪಾಲಿಗೆ ಬಂದಾಗ, ನಾನು ಮೊದಲು ಕುಳಿತದ್ದು ಹಳೆಯ ವೈಮಾನಿಕ ಚಿತ್ರಗಳ ಮುಂದೆ. ಜೌಗು ನೆಲ ಯಾವ ಉಪಯೋಗಕ್ಕೂ ಬಾರದೆಂದು ಅಲ್ಲಿ ಕಸ ತುಂಬಿದ್ದರು. ಅಡಿಯಲ್ಲಿ ಜೇಡಿಮಣ್ಣಿನ ಹಾಸಾಗಲಿ, ಪ್ಲಾಸ್ಟಿಕ್ ಹಾಳೆಯಾಗಲಿ ಇರಲಿಲ್ಲ. ಚಿತ್ರಗಳನ್ನು ವರ್ಷಗಳ ಕ್ರಮದಲ್ಲಿ ಜೋಡಿಸಿದಾಗ, ಮೊದಲನೆಯದರಲ್ಲಿ ಸ್ಪಷ್ಟವಾಗಿದ್ದ ನದಿಯ ಹಳೆಯ ಕವಲೊಂದು ಮುಂದಿನವುಗಳಲ್ಲಿ ಕಸದಡಿ ಮರೆಯಾಗಿತ್ತು. ಆ ಕವಲಿನ ಮರಳೇ ಕಸದ ರಸಕ್ಕೆ ದಾರಿಯಾಗಿರಬೇಕೆಂದು ಊಹಿಸಿ, ಹೋಲಿಕೆಗೆಂದು ಕಸ ಮುಟ್ಟದ ಮೇಲ್ಭಾಗದಲ್ಲಿ ಅಂತರ್ಜಲದ ಮಾದರಿ ತೆಗೆಯುವ ಒಂದು ಕೊಳವೆಯನ್ನೂ, ಕವಲಿನ ಗುಂಟ ಉಳಿದವುಗಳನ್ನೂ ಕೊರೆಸಿದೆ.

ಬೇಸಿಗೆಯ ಮೊದಲ ಸುತ್ತಿನಲ್ಲಿ ನಾನೇ ಎಡವಿದೆ. ಕೊಳವೆಯಿಂದ ಎತ್ತಿದಾಗ ತಿಳಿಯಾಗಿದ್ದ ನೀರಿನ ಬಾಟಲಿಯ ತಳದಲ್ಲಿ ಸಂಜೆಯ ಹೊತ್ತಿಗೆ ತುಕ್ಕಿನ ಬಣ್ಣದ ಗಸಿ ಕೂತಿತ್ತು. ಕರಗಿದ್ದ ಕಬ್ಬಿಣ ಗಾಳಿ ಸೋಕಿ ಹೆಪ್ಪುಗಟ್ಟುವಾಗ ಆರ್ಸೆನಿಕ್‌ನಂಥವನ್ನೂ ಹಿಡಿದುಕೊಂಡು ತಳ ಸೇರುವುದರಿಂದ, ಮೇಲಿನ ನೀರಿನಲ್ಲಿ ಸಿಗುವ ಅಂಕಿ ಸುಳ್ಳು ಹೇಳುತ್ತದೆ. ಸ್ಥಳದಲ್ಲೇ 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ; ಬಿಸಿಲಿಗೆ ಬೇಸತ್ತು, ಪ್ರಯೋಗಾಲಯಕ್ಕೆ ಹೋಗಿ ಮಾಡಿದರಾಯಿತು ಎಂದುಕೊಂಡಿದ್ದೆ. ಆ ಸುತ್ತಿನ ಲೋಹಗಳ ಅಂಕಿಗಳನ್ನೆಲ್ಲ ಕೈಬಿಡಬೇಕಾಯಿತು. ಬಿಒಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕೊಳೆಸಲು ಬಳಸುವ ಆಮ್ಲಜನಕ) ಮತ್ತು ಸಿಒಡಿ (ಅದನ್ನು ರಾಸಾಯನಿಕದಿಂದ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ಇವುಗಳ ಅನುಪಾತ ಮಾತ್ರ 0.1ಕ್ಕಿಂತ ಕಡಿಮೆಯಿದ್ದು, ಸುಲಭವಾಗಿ ಕೊಳೆಯುವುದೆಲ್ಲ ಕೊಳೆತು ಮುಗಿದಿದೆಯೆಂದು ತೋರಿಸಿತು. ಹಾಗೆಂದು ನೆಮ್ಮದಿಪಡುವಂತಿರಲಿಲ್ಲ, ಆಮ್ಲಜನಕವಿಲ್ಲದ ಕಸದೊಳಗೆ ಅಮೋನಿಯಾ ದಶಕಗಳ ಕಾಲ ಹಾಗೆಯೇ ಉಳಿಯುತ್ತದೆ.

ಮಳೆಗಾಲದಲ್ಲಿ ನದಿ ಏರಿದಾಗ ದಡದ ಕೊಳವೆಗಳಲ್ಲಿ, ಕರಗಿದ ಲವಣಗಳು ಎಷ್ಟಿವೆಯೆಂದು ಸೂಚಿಸುವ ವಿದ್ಯುತ್ ವಾಹಕತೆ ಇಳಿಯಿತು. ಮಾಲಿನ್ಯ ತೊಳೆದುಹೋಯಿತೆಂದು ಜೊತೆಗಿದ್ದವರು ಹಿಗ್ಗಿದರು. ಆದರೆ ನದಿಯ ನೀರು ದಡದೊಳಕ್ಕೆ ನುಗ್ಗಿ ಅಂತರ್ಜಲವನ್ನು ತೆಳುವಾಗಿಸಿತ್ತಷ್ಟೇ. ಅದೇ ಹೊತ್ತಿಗೆ ಹಿಂದುಗಡೆ ನೀರಿನ ಮಟ್ಟ ಏರಿ, ಬೇಸಿಗೆಯಲ್ಲಿ ಒಣಗಿದ್ದ ಕಸದ ಪದರಗಳೂ ನೆನೆಯುತ್ತಿದ್ದವು. ಆದ್ದರಿಂದ ಹೊಳೆ ಇಳಿಯತೊಡಗಿದ ಮೇಲೆ ವಾರಕ್ಕೊಮ್ಮೆ ಮಾದರಿ ತೆಗೆಯಲು ಹಟ ಹಿಡಿದೆ. ಕ್ಲೋರೈಡ್ ಮತ್ತು ಅಮೋನಿಯಾ ಎರಡೂ ಬೇಸಿಗೆಯ ಮಟ್ಟವನ್ನು ದಾಟಿದವು. ಮಣ್ಣಿಗೆ ಅಂಟದ, ಕೊಳೆಯದ ಕ್ಲೋರೈಡ್ ಏರಿತೆಂದರೆ ಕಸದ ರಸವೇ ಹರಿದು ಬರುತ್ತಿದೆ ಎಂದರ್ಥ.

ಕೊನೆಯ ವಾರ ದಡದ ಬುಡದಲ್ಲಿ ಕಿತ್ತಳೆ ಬಣ್ಣದ ಒಸರೊಂದು ಕಂಡಿತು. ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆಯಿತ್ತು. ಕಡ್ಡಿಯಿಂದ ಮುಟ್ಟಿದಾಗ ಮತ್ತೆ ಕೂಡಿಕೊಳ್ಳದೆ ಚೂರುಚೂರಾಯಿತು, ಅಂದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಪೊರೆ. ಮಾಪಕ ಅದ್ದಿದೆ, ವಾಹಕತೆ ಕವಲಿನ ಗುಂಟದ ಕೊಳವೆಗಳ ನೀರಿನಷ್ಟೇ ಇತ್ತು. ನಕ್ಷೆ ಬಿಡಿಸಿ ನೋಡಿದರೆ ನಾನು ನಿಂತಿದ್ದದ್ದು ಹಳೆಯ ಕವಲಿನ ಬಾಯಲ್ಲಿ.