ಕಡಿಮೆ ದುಡ್ಡಲ್ಲಿ ಬೀಡ್‌ಲಾಕ್ ವೀಲ್: ಏನು ನೋಡಿ ತಗೋಬೇಕು, ಎಲ್ಲಿ ಉಳಿಸ್ಬಾರ್ದು

ಮೊದ್ಲು ಇದೊಂದು ಯೋಚ್ನೆ ಮಾಡಿ, ಆಫ್‌ರೋಡ್ ಹೋದಾಗ ಟೈರ್ ಗಾಳಿ ಎಷ್ಟಕ್ಕೆ ಇಳಿಸ್ತೀರಿ? 15 ಪಿಎಸ್‌ಐಗಿಂತ ಕೆಳಗೆ ಹೋಗೋದೇ ಇಲ್ಲ ಅಂದ್ರೆ (ಗಾಡಿ ತೂಕ, ಟೈರ್ ಸೈಜ್ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ) ಬೀಡ್‌ಲಾಕ್ (ಟೈರಿನ ಅಂಚನ್ನ ಬೋಲ್ಟ್ ಬಿಗಿದು ರಿಮ್ಮಿಗೆ ಹಿಡಿಸೋ ವೀಲ್) ನಿಮಗೆ ದಂಡ, ಆ ದುಡ್ಡಲ್ಲಿ ಒಳ್ಳೆ ಟೈರು, ಒಂದು ಕಂಪ್ರೆಸರ್ ತಗೊಂಡು ಆರಾಮಾಗಿರಿ. ಮಾಮೂಲಿ ವೀಲಲ್ಲಿ ಟೈರಿನ ಅಂಚು, ಅಂದ್ರೆ ಒಳಗೆ ಸ್ಟೀಲ್ ತಂತಿ ಇರೋ ಬೀಡ್, ರಿಮ್ಮಿಗೆ ಅಂಟ್ಕೊಂಡು ಕೂತಿರೋದೇ ಗಾಳಿ ಒತ್ತಡದಿಂದ. ಗಾಳಿ ಇಳಿಸಿದಷ್ಟೂ ಆ ಹಿಡಿತ ಸಡಿಲ ಆಗುತ್ತೆ, ಹತ್ತರ ಕೆಳಗೆ ಬಂದು ಬಂಡೆ ಮೇಲೆ ಅಡ್ಡ ಜಾರಿದ್ರೋ ಮರಳಲ್ಲಿ ಸ್ಟೇರಿಂಗ್ ಗಬಕ್ಕನೆ ತಿರುಗಿಸಿದ್ರೋ ಟೈರ್ ರಿಮ್ ಬಿಟ್ಟು ಈಚೆ ಬರುತ್ತೆ. ಬೀಡ್‌ಲಾಕಲ್ಲಿ ಹೊರಗಡೆ ಬೀಡನ್ನ ರಿಮ್ಮಿಗೂ ಒಂದು ರಿಂಗಿಗೂ ಮಧ್ಯೆ ಸಿಕ್ಕಿಸಿ ಸುತ್ತ ಬೋಲ್ಟ್ ಬಿಗೀತಾರೆ, ಹಾಗಾಗಿ 5-8 ಪಿಎಸ್‌ಐಗೆ ಇಳಿಸಿದ್ರೂ ಆ ಕಡೆ ಅಲ್ಲಾಡಲ್ಲ. ಒಳಗಡೆ ಬೀಡ್ ಮಾತ್ರ ಹೆಚ್ಚಿನ ವೀಲುಗಳಲ್ಲಿ ಮಾಮೂಲಿ ಥರಾನೇ ಇರುತ್ತೆ, ಎರಡೂ ಕಡೆ ಲಾಕ್ ಆಗೋದು ಬೇರೆ ಸಿಗುತ್ತೆ, ಅದರ ರೇಟೂ ಬೇರೆ.

ಇನ್ನು ಅಗ್ಗಕ್ಕೆ ಸಿಗ್ತಿದೆ ಅಂತ ಮುಗಿಬೀಳೋ ಮುಂಚೆ ಅದು ನಿಜವಾದ ಬೀಡ್‌ಲಾಕಾ ಇಲ್ಲ ಬರೀ ಶೋಕಿಯಾ ನೋಡಿ. ಸುತ್ತ ಬೋಲ್ಟ್ ಕಾಣ್ಸುತ್ತೆ, ಚೆಂದಾನೂ ಇರುತ್ತೆ, ಆದ್ರೆ ಆ ಬೋಲ್ಟ್‌ಗಳು ಏನನ್ನೂ ಹಿಡ್ಕೊಂಡಿರಲ್ಲ, ಅಂಥ ವೀಲ್ ಮಾರ್ಕೆಟ್ಟಲ್ಲಿ ಬೇಕಾದಷ್ಟಿದೆ. ಕಂಡುಹಿಡಿಯೋದು ಸುಲಭ: ಟೈರ್ ಇಲ್ಲದ ವೀಲಿಂದ ರಿಂಗ್ ಬಿಚ್ಚಿಸಿ ನೋಡಿ, ನಿಜವಾದ್ದರಲ್ಲಿ ಟೈರಿನ ಬೀಡ್ ಕೂರೋಕೆ ರಿಮ್ಮಿನ ಹೊರಮುಖದಲ್ಲೇ ಒಂದು ಮೆಟ್ಟಿಲಿನಂಥ ಜಾಗ ಇರುತ್ತೆ. ಡೂಪ್ಲಿಕೇಟಲ್ಲಿ ರಿಂಗ್ ತೆಗೆದ್ರೆ ಮಾಮೂಲಿ ರಿಮ್ಮಿನ ಅಂಚು, ಅಷ್ಟೇ. ಮಧ್ಯದ್ದೂ ಒಂದಿದೆ, ಈಗ ಮಾಮೂಲಿ ವೀಲ್ ಥರ ಓಡಿಸಿ ಮುಂದೆ ಬೇಕಾದಾಗ ನಿಜವಾದ ರಿಂಗ್ ಹಾಕ್ಕೋಬಹುದು, ಬಜೆಟ್ ಕಮ್ಮಿ ಇರೋರಿಗೆ ಇದು ಒಳ್ಳೇದೇ. ಆದ್ರೆ ರಿಂಗ್ ಕಿಟ್ ರೇಟ್ ಇವತ್ತೇ ಕೇಳಿ ಇಟ್ಕೊಳಿ, ಇಲ್ಲಾಂದ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ.

ಸ್ಟೀಲಾ ಅಲ್ಯೂಮಿನಿಯಮ್ಮಾ? ಕಮ್ಮಿ ದುಡ್ಡು ಅಂದ್ರೆ ನನ್ನ ಓಟು ಸ್ಟೀಲಿಗೆ. ತೂಕ ಜಾಸ್ತಿ, ತುಕ್ಕು ಹಿಡಿಯುತ್ತೆ, ನಿಜ, ಆದ್ರೆ ಬಂಡೆಗೆ ಬಡಿದಾಗ ಬಾಗುತ್ತೆ, ಸುತ್ತಿಗೆಲಿ ಕುಟ್ಟಿ ಸರಿ ಮಾಡ್ಕೊಂಡು ಮನೆ ಸೇರಬಹುದು. ಅಲ್ಯೂಮಿನಿಯಂ ಬಿರುಕು ಬಿಟ್ರೆ ಅಲ್ಲೇ ಕಥೆ ಮುಗೀತು. ಬಣ್ಣ, ಪಾಲಿಶ್, ಮಷೀನ್ ಫಿನಿಶ್ ಇದಕ್ಕೆಲ್ಲ ಒಂದು ಪೈಸಾನೂ ಜಾಸ್ತಿ ಕೊಡ್ಬೇಡಿ, ಮೊದಲನೇ ಬಂಡೆಗೇ ಉಜ್ಜಿ ಹೋಗೋದು ಅದೇ.

ಇದಕ್ಕಿಂತ ಕಮ್ಮೀಲಿ ಆಗ್ಬೇಕು ಅಂದ್ರೆ ಇರೋ ಸ್ಟೀಲ್ ವೀಲಿಗೇ ರಿಂಗ್ ವೆಲ್ಡ್ ಮಾಡೋ ಕಿಟ್ ಬರುತ್ತೆ. ರಿಂಗ್ ಒಂಚೂರು ವಾಲಿದ್ರೂ ಗಾಡಿ ಕುಣಿಯುತ್ತೆ, ವೆಲ್ಡಲ್ಲಿ ಸೂಜಿಮೊನೆಯಷ್ಟು ತೂತು ಇದ್ರೂ ಗಾಳಿ ನಿಲ್ಲಲ್ಲ, ಒಂದೇ ಕಡೆ ಜಾಸ್ತಿ ಹೊತ್ತು ಶಾಖ ಕೊಟ್ರೆ ರಿಮ್ಮೇ ಸೊಟ್ಟಗಾಗುತ್ತೆ. ಕೈ ಪಳಗಿದ ವೆಲ್ಡರ್ ಗೊತ್ತಿದ್ರೆ ಮಾತ್ರ ಈ ದಾರಿ.

ಸೆಕೆಂಡ್ ಹ್ಯಾಂಡ್ ತಗೊಳೋರು ವೀಲಿಗಿಂತ ಜಾಸ್ತಿ ಹೊತ್ತು ಬೋಲ್ಟ್ ನೋಡಿ. ಒಂದು ವೀಲಿಗೆ 32 ಬೋಲ್ಟ್ ಅಂದ್ರೆ ನಾಲ್ಕಕ್ಕೆ 128, ಎಲ್ಲಾ ತುಕ್ಕು ಹಿಡಿದಿದ್ರೆ ಹೊಸ ಸೆಟ್ಟಿಗೇ ನೀವು ಉಳಿಸಿದ ದುಡ್ಡು ಹೋಗುತ್ತೆ. ನಾಲ್ಕೈದು ಬೋಲ್ಟ್ ಅಲ್ಲಲ್ಲಿ ಬಿಚ್ಚಿ, ಕೈಯಲ್ಲೇ ವಾಪಸ್ ತಿರುಗಿಸಿ ನೋಡಿ, ಸರಾಗವಾಗಿ ಹೋಗ್ಬೇಕು. ಎಳೆ ಸವೆದಿದ್ರೆ ಅದನ್ನ ರಿಪೇರಿ ಮಾಡೋಕಾಗುತ್ತಾ ಕೇಳಿ, ಹಿಂದುಗಡೆ ನಟ್ ಇರೋದಾದ್ರೆ ನಟ್ ಬದಲಾಯಿಸಿದ್ರಾಯ್ತು, ರಿಮ್ಮಲ್ಲೇ ಎಳೆ ಕೊರೆದಿರೋದಾದ್ರೆ ತಲೆನೋವು. ಬೇರೆ ಬೇರೆ ಥರದ ಬೋಲ್ಟ್ ಕಲಬೆರಕೆ ಆಗಿದ್ರೆ ಅನುಮಾನ ಪಡಿ. ರಿಂಗನ್ನ ಸಮತಟ್ಟಾದ ನೆಲದ ಮೇಲೆ ಮಲಗಿಸಿ ಒತ್ತಿ, ಕಟಕಟ ಅಂದ್ರೆ ಬಾಗಿದೆ. ಹೊಸ ರಿಂಗ್ ಬಿಡಿಯಾಗಿ ಸಿಗದೇ ಇರೋ ವೀಲ್ ಎಷ್ಟೇ ಅಗ್ಗ ಆದ್ರೂ ಬೇಡ. ಹಾಗೇ ಬೋಲ್ಟ್ ಪ್ಯಾಟರ್ನ್ (ವೀಲ್ ನಟ್ ತೂತುಗಳ ಲೆಕ್ಕ, ಅಂತರ), ಸೆಂಟರ್ ಬೋರ್ (ಮಧ್ಯದ ತೂತು), ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ), ಲೋಡ್ ರೇಟಿಂಗ್ (ಎಷ್ಟು ತೂಕ ತಡೆಯುತ್ತೆ) ನಿಮ್ಮ ಗಾಡಿಗೆ ಹೊಂದುತ್ತಾ, ಬ್ರೇಕ್ ಕ್ಯಾಲಿಪರಿಗೆ ತಾಗುತ್ತಾ ಅನ್ನೋದನ್ನೂ ನೋಡ್ಬೇಕು, ಇದು ಯಾವ ವೀಲಿಗಾದ್ರೂ ಇದ್ದಿದ್ದೇ.

ಹಳೇ ಮಿಲಿಟರಿ ಹಮ್ವೀ (ಅಮೆರಿಕನ್ ಸೇನೆಯ ಜೀಪಿನಂಥ ಗಾಡಿ) ವೀಲ್ ಅಗ್ಗಕ್ಕೆ ಸಿಕ್ಕಿದ್ರೆ ಸೈಜ್ ಓದಿ, ಅದು 16.5 ಇಂಚಿಂದು. ಅದಕ್ಕೆ 16 ಇಂಚಿನ ಟೈರ್ ಹಾಕೋಕೆ ಯಾವತ್ತೂ ಹೋಗ್ಬೇಡಿ, ಗಾಳಿ ತುಂಬೋವಾಗ ಸಿಡಿದು ಪ್ರಾಣಕ್ಕೇ ಬರುತ್ತೆ, ಸರಿಯಾದ 16.5ರ ಟೈರಿಗೆ ಆಯ್ಕೆ ತುಂಬಾ ಕಮ್ಮಿ.

ಬಜೆಟ್ಟಲ್ಲಿ ಒಂದು ಟಾರ್ಕ್ ರೆಂಚಿಗೂ (ಬೋಲ್ಟ್ ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಸ್ಪ್ಯಾನರ್) ಜಾಗ ಇಡಿ. ರಿಂಗ್ ಬೋಲ್ಟ್ ಟಾರ್ಕ್ ವೀಲ್ ನಟ್ಟಿಗಿಂತ ಎಷ್ಟೋ ಕಮ್ಮಿ, ತುಂಬಾ ವೀಲುಗಳಲ್ಲಿ 20 ಫುಟ್-ಪೌಂಡ್ ಆಸುಪಾಸು, ನಿಮ್ಮದು ಎಷ್ಟು ಅಂತ ಕಂಪನಿ ಕೊಟ್ಟ ಚೀಟೀಲಿ ನೋಡಿ. ದೊಡ್ಡ ರೆಂಚ್ ಅಷ್ಟು ಕೆಳಗೆ ಸರಿಯಾಗಿ ತೋರಿಸಲ್ಲ, ಚಿಕ್ಕದೇ ಬೇಕು. ಇಂಪ್ಯಾಕ್ಟ್ ಗನ್ (ಬೋಲ್ಟ್ ಬಿಗಿಯೋ ಮಷೀನ್) ಮುಟ್ಟಲೇಬೇಡಿ, ಎದುರುಬದುರು ಬೋಲ್ಟ್‌ಗಳನ್ನ ಸ್ವಲ್ಪ ಸ್ವಲ್ಪಾನೇ ಹಲವು ಸುತ್ತಲ್ಲಿ ಬಿಗೀರಿ, ಮೊದಲ ಸಲ ಸ್ವಲ್ಪ ದೂರ ಓಡಿಸಿದ್ಮೇಲೆ ಮತ್ತೆ ಚೆಕ್ ಮಾಡಿ, ರಬ್ಬರ್ ಅದುಮಿ ಬೋಲ್ಟ್ ಸಡಿಲ ಆಗಿರುತ್ತೆ. ಗಾಳಿ ಇರೋವಾಗ ರಿಂಗ್ ಬೋಲ್ಟ್ ಬಿಚ್ಚೋದು ಅಂದ್ರೆ ಸಾವಿಗೆ ಆಹ್ವಾನ, ವಾಲ್ವ್ ಕೋರ್ (ಗಾಳಿ ತುಂಬೋ ವಾಲ್ವ್ ಒಳಗಿನ ಪಿನ್ನು) ತೆಗೆದು ಪೂರ್ತಿ ಖಾಲಿ ಆದ್ಮೇಲೇ ಸ್ಪ್ಯಾನರ್ ಹಾಕಿ.

ರೋಡಲ್ಲೂ ಇದೇ ಗಾಡಿ ಓಡಿಸೋರು ನಿಮ್ಮಲ್ಲಿನ ರೂಲ್ಸ್ ಕೇಳ್ಕೊಳಿ, ಎಷ್ಟೋ ವೀಲುಗಳ ಮೇಲೆ ಆಫ್‌ರೋಡಿಗೆ ಮಾತ್ರ ಅಂತಲೇ ಬರೆದಿರುತ್ತೆ, ಬ್ಯಾಲೆನ್ಸಿಂಗೂ ಕಷ್ಟ. ಐದನೇದು ಬೇಡ ಬಿಡಿ, ಸ್ಟೆಪ್ನಿಗೆ ಅದೇ ಸೈಜ್ ಟೈರ್ ಹಾಕಿದ ಮಾಮೂಲಿ ಸ್ಟೀಲ್ ವೀಲ್ ಸಾಕು, ಅದನ್ನ ಹಾಕ್ಕೊಂಡಿರೋವಾಗ ಆ ಟೈರಲ್ಲಿ ಗಾಳಿ ಜಾಸ್ತಿ ಇಟ್ಕೊಂಡ್ರಾಯ್ತು.